ಒಂದೇ ಸಂಜೆ, ಎರಡು ಬಣ್ಣ

ಮೈಸೂರಿನಲ್ಲಿ ಸೂರ್ಯ ವರ್ಷದಲ್ಲೇ ಅತಿ ಬೇಗ ಮುಳುಗುವುದು ಡಿಸೆಂಬರ್ 21ರಂದಲ್ಲ, ಅದಕ್ಕೂ ಸುಮಾರು ಒಂದು ತಿಂಗಳು ಮೊದಲೇ. ನವೆಂಬರ್ 17ರಿಂದ 20ರ ಆಸುಪಾಸಿನಲ್ಲಿ ಸಂಜೆ 5 ಗಂಟೆ 55 ನಿಮಿಷಕ್ಕೆಲ್ಲ ಸೂರ್ಯ ಕಣ್ಮರೆಯಾಗಿರುತ್ತಾನೆ. ಅತ್ಯಂತ ಚಿಕ್ಕ ಹಗಲು ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ ಡಿಸೆಂಬರ್ 21ರ ಹೊತ್ತಿಗೆ ಮುಳುಗುವ ವೇಳೆ ಆಗಲೇ 6 ಗಂಟೆ 3 ನಿಮಿಷಕ್ಕೆ ಸರಿದಿರುತ್ತದೆ. ಸಂಕ್ರಾಂತಿಯ ದಿನ ನೋಡಿದರೆ 6 ಗಂಟೆ 16 ನಿಮಿಷ. ಹಗಲು ಇನ್ನೂ ಕುಗ್ಗುತ್ತಿರುವಾಗಲೇ ಸಂಜೆ ಹಿಗ್ಗಲು ಶುರುವಾಗಿರುತ್ತದೆ. ಕುಗ್ಗುವುದೆಲ್ಲ ಬೆಳಗಿನ ಕಡೆಯಿಂದ. ಸೂರ್ಯೋದಯ ಜನವರಿಯ ಕೊನೆಯ ವಾರದವರೆಗೂ ತಡವಾಗುತ್ತಲೇ ಹೋಗಿ, 6 ಗಂಟೆ 49 ನಿಮಿಷದ ಹತ್ತಿರ ಬಂದು ನಿಂತು, ಆಮೇಲೆ ಹಿಂದಕ್ಕೆ ತಿರುಗುತ್ತದೆ.

ಕೆಲಸದಲ್ಲಿದ್ದಷ್ಟು ಕಾಲ ಇದೊಂದೂ ನನ್ನ ಗಮನಕ್ಕೆ ಬಂದಿರಲಿಲ್ಲ. ಅಂಚೆ ಇಲಾಖೆಯಲ್ಲಿ ಸಂಜೆ ಎಂದರೆ ಲೆಕ್ಕ ಮುಚ್ಚುವ ಹೊತ್ತು. ಚೀಲಗಳಿಗೆ ಮೊಹರು ಬಿದ್ದು, ನಗದು ಎಣಿಸಿ ತಿಜೋರಿಗೆ ಬೀಗ ಹಾಕಿ ತಲೆ ಎತ್ತುವಷ್ಟರಲ್ಲಿ ಹೊರಗೆ ಬೀದಿ ದೀಪ ಹತ್ತಿರುತ್ತಿತ್ತು. ನಿವೃತ್ತಿಯ ನಂತರ ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುವ ಸೂರ್ಯೋದಯ-ಸೂರ್ಯಾಸ್ತದ ಸಮಯಗಳನ್ನು ಹಳೆಯ ಡೈರಿಯೊಂದರಲ್ಲಿ ಬರೆದಿಡುವ ಚಾಳಿ ಹತ್ತಿತು. ಎರಡು ಅಂಕಣಗಳು ಜೊತೆಜೊತೆಯಾಗಿ ಹಿಂದೆ ಮುಂದೆ ಸರಿಯಬೇಕಿತ್ತಲ್ಲ, ಇವೇಕೆ ತಮ್ಮ ತಮ್ಮ ದಾರಿ ಹಿಡಿದಿವೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ನಮ್ಮ ಬೀದಿಯಲ್ಲೇ ಇರುವ, ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದ ಟೀಚರಮ್ಮ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ವೃತ್ತವಲ್ಲ; ಜನವರಿಯ ಮೊದಲ ವಾರದಲ್ಲಿ ನಾವು ಸೂರ್ಯನಿಗೆ ಅತಿ ಸಮೀಪದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ ಇರುತ್ತೇವೆ, ಆಗ ಭೂಮಿಯ ಓಟವೂ ಹೆಚ್ಚು. ಅದಕ್ಕೆ ಅಕ್ಷದ ವಾಲಿಕೆಯೂ ಸೇರಿ, ಡಿಸೆಂಬರ್ ಕೊನೆಯಲ್ಲಿ ಒಂದು ನಡುಮಧ್ಯಾಹ್ನದಿಂದ ಮರುದಿನದ ನಡುಮಧ್ಯಾಹ್ನಕ್ಕೆ 24 ಗಂಟೆಗಿಂತ ಅರ್ಧ ನಿಮಿಷದಷ್ಟು ಹೆಚ್ಚು ಹಿಡಿಯುತ್ತದೆ. ಗಡಿಯಾರ ಮಾತ್ರ ಅದನ್ನು ಲೆಕ್ಕಿಸದೆ ತನ್ನ ಪಾಡಿಗೆ ತಿರುಗುವುದರಿಂದ, ಮೈಸೂರಿನಲ್ಲಿ ನವೆಂಬರ್ ಮೊದಲಲ್ಲಿ 12 ಗಂಟೆ 7 ನಿಮಿಷಕ್ಕೆ ನೆತ್ತಿಗೆ ಬರುವ ಸೂರ್ಯ ಫೆಬ್ರುವರಿಯ ಎರಡನೇ ವಾರದಲ್ಲಿ 12 ಗಂಟೆ 38ಕ್ಕೆ ಬರುತ್ತಾನೆ. ಇಡೀ ಹಗಲೇ ಹೀಗೆ ಮುಂದಕ್ಕೆ ಸರಿಯುವಾಗ ಸಂಜೆಗೆ ಲಾಭ, ಬೆಳಗಿಗೆ ನಷ್ಟ. ಸಮಭಾಜಕಕ್ಕೆ ಹತ್ತಿರವಿರುವ ನಮ್ಮಂಥ ಊರುಗಳಲ್ಲಿ ಹಗಲಿನ ಉದ್ದ ಅಷ್ಟೇನೂ ಬದಲಾಗದ ಕಾರಣ ಈ ಸರಿಯುವಿಕೆ ಎದ್ದು ಕಾಣುತ್ತದೆ. ಲಂಡನ್ನಿನಲ್ಲಾದರೆ ಅತಿ ಬೇಗನೆಯ ಸೂರ್ಯಾಸ್ತ ಡಿಸೆಂಬರ್ 12ರ ಸುಮಾರಿಗೆ ಬರುತ್ತದೆ.

ಈ ನವೆಂಬರ್ ತಿಂಗಳೇ ಪಿಂಚಣಿದಾರರು ತಾವು ಬದುಕಿದ್ದೇವೆಂದು ಸರ್ಕಾರಕ್ಕೆ ತಿಳಿಸಬೇಕಾದ ತಿಂಗಳೂ ಹೌದು. ಜೀವನ ಪ್ರಮಾಣ ಪತ್ರ ಎಂದು ಅದಕ್ಕೆ ಹೆಸರು. ಎಂಬತ್ತು ದಾಟಿದ ಕೇಂದ್ರ ಪಿಂಚಣಿದಾರರಿಗೆ ಅಕ್ಟೋಬರ್ ಒಂದರಿಂದಲೇ ಕೊಡುವ ಅವಕಾಶವಿದೆ, ನನ್ನಂಥ ಎಪ್ಪತ್ತರ ‘ಎಳೆಯರು’ ನವೆಂಬರಿನಲ್ಲಿ ಸಾಲು ನಿಲ್ಲಬೇಕು. 2014ರ ನವೆಂಬರಿನಿಂದ ಇದನ್ನು ಬೆರಳಚ್ಚು ಕೊಟ್ಟು ಯಂತ್ರದ ಮೂಲಕ ಮಾಡಬಹುದಾಗಿದೆ. ಕಳೆದ ಸಲ ನನ್ನ ಹೆಬ್ಬೆಟ್ಟನ್ನು ಆ ಕೆಂಪು ಬೆಳಕಿನ ಗಾಜಿನ ಮೇಲೆ ಇಟ್ಟಾಗ ಯಂತ್ರ ಒಪ್ಪಲಿಲ್ಲ. ತೋರುಬೆರಳಿಗೂ ಒಪ್ಪಲಿಲ್ಲ. ಕೌಂಟರಿನ ಹುಡುಗಿ ಬಟ್ಟೆಯಿಂದ ಗಾಜು ಒರೆಸಿ, ನನ್ನ ಬೆರಳನ್ನೂ ಒರೆಸಿ, “ಸ್ವಲ್ಪ ಒತ್ತಿ ಹಿಡೀರಿ ಅಮ್ಮ, ಚಳಿಗೆ ಚರ್ಮ ಒಣಗಿರುತ್ತೆ” ಎಂದಳು. ಚಳಿಗಿಂತ ವಯಸ್ಸಿನ ಪಾಲೇ ಅದರಲ್ಲಿ ಹೆಚ್ಚು. ವಯಸ್ಸಾದಂತೆ ಬೆರಳ ತುದಿಯ ಗೆರೆಗಳು ಸವೆದು ಚಪ್ಪಟೆಯಾಗುತ್ತವೆ. ಅದರ ಮೇಲೆ ನನ್ನಂತೆ ದಶಕಗಟ್ಟಲೆ ಒದ್ದೆ ಸ್ಪಂಜಿಗೆ ಬೆರಳು ಅದ್ದಿ ನೋಟು ಎಣಿಸಿದವರ, ತಾರೀಖು ಮುದ್ರೆಯ ಹಿಡಿ ತಿರುಗಿಸಿದವರ ಬೆರಳಲ್ಲಿ ಇನ್ನೇನು ಉಳಿದೀತು? ಕೊನೆಗೆ ಆಕೆ ಮೊಬೈಲ್ ಎತ್ತಿ ಮುಖದ ಎದುರು ಹಿಡಿದು ಕಣ್ಣು ಮಿಟುಕಿಸುವಂತೆ ಹೇಳಿದಳು. ಮಿಟುಕಿಸಿದೆ. ಇನ್ನೊಂದು ವರ್ಷದ ಮಟ್ಟಿಗೆ ಬದುಕಿದ್ದೇನೆಂದು ತೀರ್ಮಾನವಾಯಿತು.

ಬೆಂಚಿನಿಂದ ಏಳುವಾಗ ನನಗೆ ನೆನಪಾದದ್ದು ಕೌಂಟರಿನ ಇನ್ನೊಂದು ಬದಿಯಲ್ಲಿ ನಾನು ಕುಳಿತಿದ್ದ ಕಾಲ. ತಾಲ್ಲೂಕು ಊರುಗಳ ಸಣ್ಣ ಅಂಚೆ ಕಚೇರಿಗಳಲ್ಲಿ ತಿಂಗಳ ಮೊದಲ ವಾರ ಬಂತೆಂದರೆ ವೃದ್ಧಾಪ್ಯ ವೇತನಕ್ಕೆ ಕಾಯುವವರು ಬೆಳಿಗ್ಗೆ ಎಂಟಕ್ಕೇ ಜಗಲಿಯ ಮೇಲೆ ಕುಳಿತಿರುತ್ತಿದ್ದರು. 2007ರಲ್ಲಿ ಅರವತ್ತೈದು ದಾಟಿದವರಿಗೆಂದು ಸಂಧ್ಯಾ ಸುರಕ್ಷಾ ಯೋಜನೆ ಬಂದ ಮೇಲೆ ಜಗಲಿ ಸಾಲದಾಯಿತು. ಹಣ ಎಣಿಸಿ ಕೊಟ್ಟರೆ ಅಜ್ಜಿಯೊಬ್ಬರು ಅದನ್ನು ನಾಲ್ಕಾಗಿ ಮಡಿಸಿ, ಎಲೆಅಡಿಕೆ ಸಂಚಿಯ ಒಳಜೇಬಿಗೆ ತುರುಕಿ, ಎರಡೂ ಕೈ ಎತ್ತಿ ಮುಗಿದು, “ನಿಮ್ಮ ಹೊಟ್ಟೆ ತಣ್ಣಗಿರಲಿ ಕಣವ್ವ” ಎಂದು ಹರಸುತ್ತಿದ್ದರು. ಅವರೆಕಾಯಿ ಕಾಲದಲ್ಲಿ ಸೆರಗಿನಲ್ಲಿ ಕಟ್ಟಿ ತಂದ ಒಂದು ಬೊಗಸೆ ಸೊಗಡವರೆಯನ್ನು ಕೌಂಟರಿನ ಮೇಲೆ ಸುರಿದುಬಿಡುತ್ತಿದ್ದರು. ಅದು ಅವರಿಗೆ ಸಲ್ಲಬೇಕಾದ ಹಣ. ನಾನು ಕೊಟ್ಟಿದ್ದಲ್ಲ, ನಾನು ತಡೆಹಿಡಿಯಬಹುದಾದದ್ದೂ ಅಲ್ಲ. ಹಾಗಿದ್ದರೂ ಅವರ ಕೈ ನನ್ನ ಕಡೆಗೆ ಎತ್ತಿರುತ್ತಿತ್ತು. ಬೇಡವೆಂದರೆ ನೊಂದುಕೊಳ್ಳುತ್ತಾರೆ, ತೆಗೆದುಕೊಂಡರೆ ನಿಯಮಕ್ಕೆ ವಿರುದ್ಧ. ಕಾಯಿಯನ್ನು ಅವರ ಎದುರಿಗೇ ಜಗಲಿಯಲ್ಲಿ ಕುಳಿತಿದ್ದ ಇತರರಿಗೆ ಹಂಚಿಬಿಡುವುದು ನಾನು ಕಂಡುಕೊಂಡ ದಾರಿಯಾಗಿತ್ತು. ಕೃತಜ್ಞತೆಯ ಬಗ್ಗೆ ನನಗಿರುವ ಗುಮಾನಿ ಅಲ್ಲಿಂದಲೇ ಹುಟ್ಟಿರಬೇಕು. ವಯಸ್ಸಾದವರಿಂದ ಸಮಾಜ ಕೃತಜ್ಞತೆಯನ್ನು ವಸೂಲು ಮಾಡುತ್ತದೆ. ಮಂಡಿ ನೋವೆಂದರೆ “ನಡೆದಾಡುತ್ತೀರಲ್ಲ, ಅದೇ ಪುಣ್ಯ” ಎನ್ನುತ್ತಾರೆ, ಒಂಟಿಯಾಗಿದ್ದೇನೆ ಎಂದರೆ “ಮಕ್ಕಳು ಫೋನ್ ಮಾಡುತ್ತಾರಲ್ಲ” ಎನ್ನುತ್ತಾರೆ. ದೂರನ್ನು ಮುಚ್ಚಿಹಾಕಲು ಬಳಕೆಯಾಗುವ ಧನ್ಯತೆ ನನಗೆ ಬೇಡ.

ಆದ್ದರಿಂದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಚಳಿಗಾಲದ ಸಂಜೆ ಕುಳಿತಾಗ ಮನಸ್ಸಿನಲ್ಲಿ ಏಳುವ ಭಾವವನ್ನು ನಾನು ಬಹುಕಾಲ ಯಾವ ಹೆಸರಿನಿಂದಲೂ ಕರೆಯದೆ ಬಿಟ್ಟಿದ್ದೆ. ಅಲ್ಲಿಗೆ ನಾನು ಹೋಗುವುದು ಟೀಚರಮ್ಮನ ಜೊತೆ, ಐದು ಗಂಟೆಯ ಹೊತ್ತಿಗೆ. ಇಬ್ಬರಿಗೂ ಸ್ವೆಟರ್, ಅವರಿಗೆ ಮಫ್ಲರ್ ಕೂಡ. ಮೈಸೂರಿನ ಚಳಿಯನ್ನು ಚಳಿ ಎಂದು ಕರೆದರೆ ಉತ್ತರದವರು ನಗಬಹುದು, ಆದರೆ ಎಪ್ಪತ್ತರ ಕಿವಿಗೆ ಹದಿನಾರು ಡಿಗ್ರಿಯೂ ಸಾಕಷ್ಟಾಗುತ್ತದೆ. ಏರಿಯ ಮೇಲಿನ ಬೆಂಚಿನಿಂದ ನೋಡಿದರೆ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವ ಜಾಗಕ್ಕೂ ಡಿಸೆಂಬರಿನ ಜಾಗಕ್ಕೂ ಎಷ್ಟು ಅಂತರವೆಂದರೆ ತಲೆಯನ್ನೇ ಹೊರಳಿಸಬೇಕು. ಚಳಿಗಾಲದ ನಡುವಿನಲ್ಲಿ ಆತ ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಇಳಿಯುತ್ತಾನೆ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಯ ಅಗಲ ಹತ್ತು ಡಿಗ್ರಿ. ಎರಡೂವರೆ ಮುಷ್ಟಿ ಎಡಕ್ಕೆ ಅಳೆದರೆ ಆ ಜಾಗ ಸಿಕ್ಕಿತು. ಜೂನಿನಲ್ಲಿ ಇಷ್ಟೇ ಬಲಕ್ಕೆ.

ಸೂರ್ಯನ ಕೆಳ ಅಂಚು ದಿಗಂತವನ್ನು ಮುಟ್ಟಿದ ಮೇಲೆ ಪೂರ್ತಿ ಮುಳುಗಲು ಇಲ್ಲಿ ಚಳಿಗಾಲದಲ್ಲಿ ಎರಡೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಆ ಎರಡೂವರೆ ನಿಮಿಷದಲ್ಲಿ ನಾವು ನೋಡುತ್ತಿರುವುದು ಆಗಲೇ ಮುಳುಗಿಹೋದ ಸೂರ್ಯನನ್ನು ಎಂದು ಟೀಚರಮ್ಮ ಮೊದಲ ಸಲ ಹೇಳಿದಾಗ ನಾನು ನಂಬಲಿಲ್ಲ. ವಾತಾವರಣ ಬೆಳಕನ್ನು ಬಾಗಿಸುತ್ತದೆ, ದಿಗಂತದ ಹತ್ತಿರ ಆ ಬಾಗು ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಸೂರ್ಯಬಿಂಬದ ಅಗಲವೂ ಸರಿಸುಮಾರು ಅರ್ಧ ಡಿಗ್ರಿಯೇ. ಹೀಗಾಗಿ ಬಿಂಬದ ಕೆಳ ಅಂಚು ನೀರಿನಾಚೆಯ ಮರಗಳ ಸಾಲಿಗೆ ತಾಗಿದಂತೆ ಕಾಣುವಾಗ, ಗಾಳಿಯೇ ಇಲ್ಲದ ಭೂಮಿಯಲ್ಲಾಗಿದ್ದರೆ ಸೂರ್ಯ ಆಗಲೇ ಪೂರ್ತಿ ಕೆಳಗಿಳಿದಿರುತ್ತಿದ್ದ. ಕೆಳ ಅಂಚು ಮೇಲಂಚಿಗಿಂತ ಹೆಚ್ಚು ಎತ್ತಿ ಕಾಣಿಸುವುದರಿಂದಲೇ ಬಿಂಬ ಚಪ್ಪಟೆಯಾಗುತ್ತದೆ. ಬಣ್ಣಕ್ಕೂ ಗಾಳಿಯೇ ಕಾರಣ: ನೆತ್ತಿಯ ಮೇಲಿದ್ದಾಗಿನದಕ್ಕಿಂತ ಸುಮಾರು 38 ಪಟ್ಟು ಹೆಚ್ಚು ಗಾಳಿಯನ್ನು ಹಾದು ಬರುವ ಬೆಳಕಿನಲ್ಲಿ ನೀಲಿಯೆಲ್ಲ ದಾರಿಯಲ್ಲೇ ಚೆದುರಿಹೋಗಿ ಕೆಂಪು, ಕಿತ್ತಳೆಗಳಷ್ಟೇ ನಮ್ಮವರೆಗೆ ತಲುಪುತ್ತವೆ. ಧೂಳು ಹೊಗೆ ಹೆಚ್ಚಿದ್ದಷ್ಟೂ ಸಂಜೆ ಚೆಂದ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಊರಿನ ಹೊಗೆ ತುಂಬಿದ ದಿನ ಸೂರ್ಯ ದಿಗಂತ ಮುಟ್ಟುವ ಮೊದಲೇ ಮಂಕಾಗಿ, ಒಗೆದೊಗೆದು ಬಣ್ಣ ಬಿಟ್ಟ ಸೀರೆಯಂತೆ ಕಾಣುತ್ತಾನೆ. ಮಳೆ ಬಂದು ಗಾಳಿ ತೊಳೆದುಹೋದ ಮರುದಿನದ ಕೆಂಪೇ ಬೇರೆ.

ಈಗ ನನ್ನ ಕಣ್ಣಿನ ವಿಷಯ. ಎರಡೂ ಕಣ್ಣಿನಲ್ಲಿ ಪೊರೆ ಬೆಳೆದಿತ್ತು. ಕಳೆದ ಮಳೆಗಾಲದಲ್ಲಿ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು, ಎಡಗಣ್ಣು ಇನ್ನೂ ಬಾಕಿಯಿದೆ. ಚಳಿಗಾಲ ಬಂದು ಮೋಡ ಸರಿದ ಮೇಲೆ ಒಂದು ಸಂಜೆ, ಸೂರ್ಯ ಇಳಿದು ಆಕಾಶ ಬಣ್ಣ ತಳೆಯುತ್ತಿದ್ದಾಗ, ಬಲಗಣ್ಣಿಗೆ ಏನೋ ಬಿದ್ದಂತಾಗಿ ಅದನ್ನು ಮುಚ್ಚಿದೆ. ಎದುರಿನ ಇಡೀ ಸಂಜೆ ಬೇರೆಯಾಯಿತು. ಎಡಗಣ್ಣಿಗೆ ಕಂಡದ್ದು ಕಾಫಿ ಡಿಕಾಕ್ಷನ್ನಿನ ಛಾಯೆಯ ಆಕಾಶ: ಕಿತ್ತಳೆ ಕಂದಾಗಿ, ಮೇಲಿನ ನೀಲಿ ಬೂದಿಯಾಗಿ, ನೀರು ಹಿತ್ತಾಳೆಯಾಗಿ, ಮರಗಳ ಅಂಚೆಲ್ಲ ಕಲೆಸಿಹೋಗಿತ್ತು. ಎಡಗಣ್ಣು ಮುಚ್ಚಿ ಬಲಗಣ್ಣು ತೆರೆದರೆ ಅದೇ ಆಕಾಶದಲ್ಲಿ ಕಿತ್ತಳೆಯ ಮೇಲೆ ಗುಲಾಬಿ, ಅದರ ಮೇಲೆ ತೆಳುವಾದ ಹಸಿರುಮಿಶ್ರಿತ ಹಳದಿ, ಅದರ ಮೇಲೆ ನೀಲಿ, ಆ ನೀಲಿಯೂ ಒಂದೇ ಬಗೆಯದಲ್ಲ. ಹೆಜ್ಜಾರ್ಲೆಯೊಂದು ತಗ್ಗಿನಲ್ಲಿ ಹಾರಿಬಂದಾಗ ಅದರ ರೆಕ್ಕೆಯ ತುದಿಯ ಗರಿಗಳನ್ನು ಬಿಡಿಬಿಡಿಯಾಗಿ ನೋಡಬಹುದಿತ್ತು. ಎಡ, ಬಲ, ಎಡ, ಬಲ ಎಂದು ಕಣ್ಣು ಬದಲಿಸುತ್ತ ಕುಳಿತವಳನ್ನು ಕಂಡು ಟೀಚರಮ್ಮ, “ಏನ್ರೀ, ಯಾರಿಗೆ ಕಣ್ಣು ಹೊಡೀತಿದ್ದೀರಿ?” ಎಂದರು.

ಕಣ್ಣಿನ ಮಸೂರ ವಯಸ್ಸಾದಂತೆ ಹಳದಿಗೆ, ಆಮೇಲೆ ಕಂದಿಗೆ ತಿರುಗುತ್ತದೆ. ಅದರೊಳಗಿನ ಪ್ರೋಟೀನುಗಳು ಬದಲಾಗಿ, ಬರುವ ಬೆಳಕಿನಲ್ಲಿ ನೀಲಿಯನ್ನು ಹೆಚ್ಚು ಹೀರಿಕೊಳ್ಳುತ್ತವೆ. ಇದು ಎಷ್ಟು ನಿಧಾನವಾಗಿ ಆಗುತ್ತದೆಂದರೆ ಮೆದುಳು ಆ ಹಳದಿಯನ್ನೇ ಬಿಳಿ ಎಂದು ಒಪ್ಪಿಕೊಂಡು ಮುಂದುವರಿಯುತ್ತದೆ. ಒಂದು ಕಣ್ಣಿಗೆ ಮಾತ್ರ ಚಿಕಿತ್ಸೆಯಾಗಿರುವ ಈ ನಡುಗಾಲದಲ್ಲಷ್ಟೇ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಸೌಲಭ್ಯ. ನಲವತ್ತರ ನಂತರ ನಾನು ಕಂಡ ಸಂಜೆಗಳೆಲ್ಲ ಇಷ್ಟಿಷ್ಟಾಗಿ ಕಂದುತ್ತಲೇ ಬಂದಿದ್ದವು, ನನಗೆ ಕೊರತೆಯೆಂದು ಅನ್ನಿಸಿರಲೇ ಇಲ್ಲ. ಮುಪ್ಪಿನ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅತ್ಯಂತ ವಿಚಿತ್ರವಾದದ್ದು ಇದೇ: ಕಳೆದುಹೋದದ್ದರ ಅಳತೆ, ಅದು ಮರಳಿ ಬಂದಾಗಲಷ್ಟೇ ಸಿಗುತ್ತದೆ, ಮರಳದ ಇನ್ನೆಷ್ಟನ್ನು ನಾನು ಬಿಳಿಯೆಂದೇ ನಂಬಿ ಕುಳಿತಿದ್ದೇನೋ ಹೇಳಲಾಗದು. ಹಾಗೆಂದು ಎಡಗಣ್ಣಿನ ಸಂಜೆ ಕುರೂಪವೇನಲ್ಲ. ಹಳೆಯ ಛಾಯಾಚಿತ್ರಗಳಿಗಿರುವ ಒಂದು ಬೆಚ್ಚನೆಯ ಗುಣ ಅದಕ್ಕಿದೆ, ಮತ್ತು ಅದು ಇನ್ನು ಕೆಲವೇ ದಿನ ಇರುವಂಥದ್ದು.

ನನ್ನ ಅಜ್ಜಿಗೂ ಇದೇ ವಯಸ್ಸಿನಲ್ಲಿ ಪೊರೆ ಬಂದಿತ್ತು. ಅದು ಅರವತ್ತರ ದಶಕ, ತುಮಕೂರು ಜಿಲ್ಲೆಯ ಹಳ್ಳಿ. ತಾಲ್ಲೂಕು ಕೇಂದ್ರದ ಶಾಲೆಯಲ್ಲಿ ಡಾಕ್ಟರ್ ಎಂ. ಸಿ. ಮೋದಿಯವರ ಕಣ್ಣಿನ ಶಿಬಿರ ನಡೆಯುತ್ತದೆಂದು ಡಂಗುರ ಸಾರಿದ್ದರು. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಮೋದಿಯವರು ಆಸ್ಪತ್ರೆಗೆ ಜನ ಬರಲೆಂದು ಕಾಯದೆ, ತಾವೇ ಊರೂರಿಗೆ ಹೋಗಿ ಶಾಲೆ, ಛತ್ರಗಳಲ್ಲಿ ಸಾಮೂಹಿಕ ಶಸ್ತ್ರಚಿಕಿತ್ಸೆ ಮಾಡಿದವರು. ತಿರುಪತಿಯಲ್ಲಿ ಒಂದೇ ದಿನ 833 ಮಂದಿಯ ಪೊರೆ ತೆಗೆದದ್ದು ಗಿನ್ನೆಸ್ ದಾಖಲೆಯಾಗಿದೆ. ಅಜ್ಜಿಯನ್ನು ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಕರೆದುಕೊಂಡು ಹೋದರು. ಆಗಿನ ಪದ್ಧತಿಯಲ್ಲಿ ಪೊರೆಗಟ್ಟಿದ ಮಸೂರವನ್ನು ತೆಗೆದುಹಾಕುತ್ತಿದ್ದರೇ ಹೊರತು ಅದರ ಜಾಗದಲ್ಲಿ ಇನ್ನೊಂದನ್ನು ಇಡುತ್ತಿರಲಿಲ್ಲ. ಅಲುಗಾಡದೆ ದಿನಗಟ್ಟಲೆ ಮಲಗಿರಬೇಕು. ಆಮೇಲೆ ಮಸೂರದ ಕೆಲಸವನ್ನೆಲ್ಲ ಕನ್ನಡಕವೇ ಮಾಡಬೇಕು. ಅಜ್ಜಿಗೆ ಬಂದ ಸೋಡಾಬುಡ್ಡಿ ಕನ್ನಡಕದ ಹಿಂದೆ ಅವಳ ಕಣ್ಣು ಎಮ್ಮೆಯ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು, ನಾವು ಮಕ್ಕಳು ಹೆದರಿ ನಗುತ್ತಿದ್ದೆವು. ನೇರಕ್ಕೆ ಕಾಣುತ್ತಿತ್ತು, ಪಕ್ಕದ್ದು ಬಾಗಿ ಮಾಯವಾಗುತ್ತಿತ್ತು. ಲೋಟಕ್ಕೆ ಚಾಚಿದ ಕೈ ಅರ್ಧ ಗೇಣು ಈಚೆಯೇ ನಿಲ್ಲುತ್ತಿತ್ತು. ಹಾಗಿದ್ದೂ ಅವಳು ಮತ್ತೆ ಅಕ್ಕಿ ಆರಿಸಿದಳು, ಸಂಜೆ ಜಗಲಿಯಲ್ಲಿ ಕುಳಿತು ಹೋಗಿ ಬರುವವರನ್ನು ಹೆಸರು ಹಿಡಿದು ಮಾತನಾಡಿಸಿದಳು, ಸಾಯುವವರೆಗೂ ದೀಪ ಹಚ್ಚುವಾಗ ದೇವರ ಹೆಸರುಗಳ ನಡುವೆ “ಮೋದಿ ಡಾಕ್ಟ್ರಪ್ಪ” ಎಂದು ಸೇರಿಸಿದಳು. ಆ ಡಾಕ್ಟರಿಗೆ ಅವಳ ಹೆಸರು ಗೊತ್ತಿದ್ದಿರಲಾರದು.

ನನ್ನ ಕಣ್ಣಿಗೆ ಸೋಡಾಬುಡ್ಡಿ ಬಾರದೆ ಹೋದದ್ದಕ್ಕೆ ಕಾರಣರಾದವರು ಇನ್ನೂ ದೂರದವರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಯುದ್ಧವಿಮಾನಗಳಲ್ಲಿ ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳ ಒಡೆದು, ಅಕ್ರಿಲಿಕ್ ಎಂಬ ಗಾಜಿನಂಥ ಪ್ಲಾಸ್ಟಿಕ್ಕಿನ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕಾಗ, ಕಣ್ಣು ಆ ಚೂರುಗಳನ್ನು ಪ್ರತಿಭಟಿಸದೆ ಸುಮ್ಮನೆ ಇರಿಸಿಕೊಳ್ಳುವುದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು, ಅದೇ ವಸ್ತುವಿನಿಂದ ಮಸೂರ ಮಾಡಬಾರದೇಕೆ ಎಂದು ಯೋಚಿಸಿ, 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಕೃತಕ ಮಸೂರವನ್ನು ಕಣ್ಣಿನೊಳಗೆ ಇಟ್ಟರು. ಕಣ್ಣಿನಿಂದ ಪರವಸ್ತುವನ್ನು ತೆಗೆಯುವುದು ವೈದ್ಯರ ಕೆಲಸ, ಇವನು ಒಳಗೆ ಇಡುತ್ತಾನಲ್ಲ ಎಂದು ಸಮಕಾಲೀನರು ದಶಕಗಳ ಕಾಲ ವಿರೋಧಿಸಿದರು. ಮುಪ್ಪಿನಲ್ಲಿ ಸ್ವತಃ ರಿಡ್ಲಿಯವರ ಕಣ್ಣಿಗೂ ಪೊರೆ ಬಂದು, ತಾವು ಕಂಡುಹಿಡಿದ ಮಸೂರವನ್ನೇ ಅವರಿಗೆ ಹಾಕಲಾಯಿತು. ಆ ಕಣ್ಣಿನಿಂದ ಅವರು ಮೊದಲು ಏನು ನೋಡಿದರೋ ಎಂದು ನನಗೆ ಕುತೂಹಲ.

ಅಂಚೆಯಲ್ಲಿ ಬದುಕು ಸವೆಸಿದವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ವಿಳಾಸವಿಲ್ಲದ ಕಾಗದ, ಅದರೊಳಗೆ ಏನೇ ಬರೆದಿದ್ದರೂ, ಎಲ್ಲಿಗೂ ತಲುಪುವುದಿಲ್ಲ. ಪಡೆಯುವವರೂ ಸಿಗದ, ಕಳಿಸಿದವರೂ ಗೊತ್ತಾಗದ ಕಾಗದಗಳನ್ನು ನಾವು ಆರ್.ಎಲ್.ಓ.ಗೆ, ಅಂದರೆ ಮರಳಿದ ಪತ್ರಗಳ ಕಚೇರಿಗೆ ಕಳಿಸುತ್ತಿದ್ದೆವು. ಬೆಳಗಾದರೆ ಮೊಬೈಲಿನಲ್ಲಿ ಸೂರ್ಯೋದಯದ ಚಿತ್ರದ ಮೇಲೆ ಬಂದು ಬೀಳುವ “ವಿಶ್ವಕ್ಕೆ ಧನ್ಯವಾದ ಹೇಳಿ” ಎಂಬ ಸಂದೇಶಗಳ ಗತಿ ಅದೇ ಎಂದು ನನ್ನ ಅಭಿಪ್ರಾಯ. ನಮ್ಮ ಜಗಲಿಯ ಅಜ್ಜಿಯರದು ತಪ್ಪು ವಿಳಾಸಕ್ಕೆ ಬಂದ ಕೃತಜ್ಞತೆಯಾಗಿತ್ತು, ಈ ಸಂದೇಶಗಳದು ವಿಳಾಸವನ್ನೇ ಬರೆಯದ್ದು. ನನ್ನ ಅಜ್ಜಿ ಮಾತ್ರ ಸರಿಯಾದ ಹೆಸರು ಬರೆದು ದೇವರ ಕೈಗೆ ಕೊಟ್ಟಿದ್ದಳು.

ಶಸ್ತ್ರಚಿಕಿತ್ಸೆಯ ದಿನ, ಬೆಳಕು ಕೋರೈಸುವ ಆ ಮೇಜಿನ ಮೇಲೆ ಮುಖಕ್ಕೆ ಹಸಿರು ಬಟ್ಟೆ ಹೊದಿಸಿ ಮಲಗಿಸಿದಾಗ ನನ್ನ ಎಡಗೈಯನ್ನು ಒಬ್ಬ ಆಯಾ ಹಿಡಿದುಕೊಂಡಿದ್ದರು. ಕೆಮ್ಮು ಬಂದರೆ ಕೈ ಒತ್ತಿ, ಬಾಯಿ ತೆರೆಯಬೇಡಿ ಎಂದಷ್ಟೇ ಅವರು ಹೇಳಿದ್ದು. ಕಾಲು ಗಂಟೆಯ ಕೆಲಸ. ಅಷ್ಟೂ ಹೊತ್ತು ಆ ಅಂಗೈಯ ಬೆಚ್ಚಗಿನ ಒರಟನ್ನು ಬಿಟ್ಟು ನನಗೆ ಬೇರೇನೂ ಗೊತ್ತಾಗಲಿಲ್ಲ. ವೈದ್ಯರಿಗೆ ಎಲ್ಲರೂ ಕೈ ಮುಗಿಯುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ. ಆಯಾನ ಹೆಸರನ್ನು ನಾನು ಮರುತಪಾಸಣೆಗೆ ಹೋದಾಗ ಕೇಳಿ ಬರೆದುಕೊಂಡು, ಮನೆಗೆ ಬಂದು ಐವತ್ತು ಪೈಸೆಯ ಕಾರ್ಡಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ ಕಿಟಕಿಯ ಪಕ್ಕ ಕುಳಿತು, ಬಲಗಣ್ಣಿನಿಂದಲೇ ನೋಡಿ ನಾಲ್ಕು ಸಾಲು ಬರೆದು ಪಿನ್ ಕೋಡ್ ಸಮೇತ ಹಾಕಿದೆ. ಎರಡು ವಾರದ ನಂತರ ಹೋದಾಗ ಅವರು ಕಾರ್ಡನ್ನು ಸೊಂಟದ ಚೀಲದಿಂದ ತೆಗೆದು ತೋರಿಸಿ, “ನಮ್ಮನೆಗೆ ಕಾಗದ ಅಂತ ಬಂದಿದ್ದೇ ಇಲ್ಲ ಅಮ್ಮ, ಬರೀ ಬಿಲ್ಲು” ಎಂದರು. ಆಗಿನಿಂದ ಆಗಾಗ ಬರೆಯುತ್ತಿದ್ದೇನೆ. ತರಬೇತಿಗೆಂದು ಊರು ಬಿಟ್ಟುಹೋದಾಗ ನನಗೆ ರಾತ್ರಿ ಊಟ ಎತ್ತಿಡುತ್ತಿದ್ದ ಮನೆಯೊಡತಿಗೆ, ಬಾಣಂತಿತನದ ರಜೆ ಮುಗಿಸಿ ಬಂದ ಮೇಲೆ ತಿಂಗಳುಗಟ್ಟಲೆ ನನ್ನ ಸಂಜೆಯ ಲೆಕ್ಕವನ್ನು ತಾವೇ ಮುಚ್ಚಿ ನನ್ನನ್ನು ಐದರ ಬಸ್ಸಿಗೆ ಕಳಿಸುತ್ತಿದ್ದ ಹಿರಿಯ ಸಹೋದ್ಯೋಗಿಗೆ. ಕೆಲವು ಕಾರ್ಡುಗಳು ‘ಮರಣ ಹೊಂದಿದ್ದಾರೆ’ ಎಂಬ ಷರಾ ಹೊತ್ತು ಮರಳಿ ಬರುತ್ತವೆ. ಆ ಷರಾವನ್ನು ಎಷ್ಟೋ ಕಾಗದಗಳ ಮೇಲೆ ನಾನೇ ಸಹಿ ಮಾಡಿ ಕಳಿಸಿದ್ದೇನೆ. ಅದು ನನ್ನ ಕೈಬರಹಕ್ಕೆ ಅಂಟಿಕೊಂಡು ಬಂದಾಗ ಓದುವುದು ಬೇರೆ.

ವಿಳಾಸ ಸಿಗುವವರಿಗೇನೋ ಹೀಗೆ ಬರೆಯಬಹುದು. ಎದುರಿಗಿರುವ ಈ ಕೆರೆಯನ್ನು ಕಟ್ಟಿದವರಿಗೆ? 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಕಟ್ಟಿಸಿದರೆಂದು ಓದುತ್ತೇವೆ. 1794ರಲ್ಲಿ ಹುಟ್ಟಿದ ಅವರಿಗೆ ಆಗ ಎಪ್ಪತ್ತು, ಈಗ ನನಗಿರುವಷ್ಟೇ ವಯಸ್ಸು. ಆಡಳಿತವನ್ನು 1831ರಲ್ಲೇ ಬ್ರಿಟಿಷರು ಕೈಗೆತ್ತಿಕೊಂಡಾಗಿತ್ತು. ಅಧಿಕಾರ ಹೋಗಿ ಮೂರು ದಶಕಗಳು ಕಳೆದ ಮೇಲೆ, ಇನ್ನು ನಾಲ್ಕೇ ವರ್ಷದ ಆಯುಸ್ಸು ಉಳಿದಿದ್ದಾಗ, ಎಪ್ಪತ್ತರ ಮನುಷ್ಯನೊಬ್ಬ ಕೆರೆ ಕಟ್ಟಿಸಲು ಮನಸ್ಸು ಮಾಡಿದ್ದನ್ನು ನೆನೆದರೆ, ಹೊಸ ಕುಕ್ಕರ್ ಕೊಳ್ಳುವಾಗ “ಇನ್ನೆಷ್ಟು ದಿನಕ್ಕೆ ಇದೆಲ್ಲ” ಎನ್ನುವ ನನ್ನ ವಾರಿಗೆಯವರ ಮಾತಿಗೆ ಉತ್ತರ ಸಿಕ್ಕಂತಾಗುತ್ತದೆ. ರಾಜರ ಹೆಸರಾದರೂ ಉಳಿದಿದೆ. ಮಂಕರಿಯಲ್ಲಿ ಮಣ್ಣು ಹೊತ್ತು ಏರಿ ಏರಿಸಿದವರ ಒಂದು ಹೆಸರೂ ನನಗೆ ಸಿಕ್ಕಿಲ್ಲ. ಅವರಲ್ಲಿ ಎಷ್ಟು ಜನ ಹೆಂಗಸರಿದ್ದರು, ಎಷ್ಟು ಕೂಲಿ ಸಿಕ್ಕಿತು, ಮುಳುಗುಹೊತ್ತಿನಲ್ಲಿ ಮಂಕರಿ ಬೋರಲು ಹಾಕಿ ಅವರೂ ಪಶ್ಚಿಮಕ್ಕೆ ನೋಡಿದರೇ? ಇವರಿಗೆ ಸಲ್ಲಬೇಕಾದದ್ದನ್ನು ಯಾವ ಡಬ್ಬಿಗೆ ಹಾಕಬೇಕೆಂದು ನನಗೆ ಇನ್ನೂ ಬಗೆಹರಿದಿಲ್ಲ. ಟೀಚರಮ್ಮ ಪ್ರತಿ ಸಂಜೆ ಚೀಲವೊಂದನ್ನು ತಂದು, ದಾರಿಯಲ್ಲಿ ಕಂಡ ಬಿಸ್ಕತ್ತಿನ ಹಾಳೆ, ನೀರಿನ ಬಾಟಲಿಗಳನ್ನು ಬಾಗಿ ಬಾಗಿ ಆರಿಸಿ ತುಂಬುತ್ತಾರೆ. ಅವರ ಉತ್ತರ ಅದಿರಬಹುದು. ನನ್ನ ಮಂಡಿ ಅದಕ್ಕೆ ಒಪ್ಪುವುದಿಲ್ಲವಾದ್ದರಿಂದ ಚೀಲ ಹಿಡಿದುಕೊಳ್ಳುವ ಕೆಲಸ ನನ್ನದು.

ಸೂರ್ಯ ಮುಳುಗಿದ ತಕ್ಷಣ ಏರಿಯ ಮೇಲಿನ ಹೆಚ್ಚಿನವರು ಮೊಬೈಲ್ ಜೇಬಿಗಿಳಿಸಿ ಎದ್ದುಬಿಡುತ್ತಾರೆ. ನಾವು ಬೆಂಚಿನ ಮೇಲೆ ಹಿಂದಕ್ಕೆ ತಿರುಗಿ ಕೂರುತ್ತೇವೆ. ಪೂರ್ವಕ್ಕೆ, ಆಗ್ನೇಯದ ಚಾಮುಂಡಿ ಬೆಟ್ಟದ ಕಡೆಯವರೆಗೂ, ದಿಗಂತದ ಮೇಲೆ ಬೂದುಮಿಶ್ರಿತ ಕಡುನೀಲಿಯ ಪಟ್ಟಿಯೊಂದು ಮೆಲ್ಲಗೆ ಮೇಲೇಳುತ್ತದೆ, ಅದರ ಮೇಲಂಚಿಗೆ ಗುಲಾಬಿಯ ಇನ್ನೊಂದು ಪಟ್ಟಿ. ಆ ನೀಲಿ ಭೂಮಿಯದೇ ನೆರಳು, ವಾತಾವರಣದ ಮೇಲೆ ಬಿದ್ದದ್ದು. ಹತ್ತು ಹದಿನೈದು ನಿಮಿಷದಲ್ಲಿ ಗುಲಾಬಿ ಕರಗಿ ನೆರಳು ಆಕಾಶದೊಳಕ್ಕೆ ಬೆರೆತುಹೋಗುತ್ತದೆ. ಅಷ್ಟರಲ್ಲಿ ಬೆಟ್ಟದ ದಾರಿಯ ದೀಪಗಳು ಹತ್ತಿರುತ್ತವೆ. ಬೆಳ್ಳಕ್ಕಿಗಳೂ ನೀರುಕಾಗೆಗಳೂ ಗೂಡಿಗೆ ಮರಳುವ ಆ ಹೊತ್ತಿನಲ್ಲೇ ಇರುಳು ಬಕಗಳು ಕರ್ಕಶವಾಗಿ ಕೂಗುತ್ತ ಬೇಟೆಗೆ ಹೊರಡುತ್ತವೆ. ನನ್ನ ಎಡಗಣ್ಣಿಗೆ ಆ ಗುಲಾಬಿ ಪಟ್ಟಿ ಕಾಣುವುದೇ ಇಲ್ಲ. ಬಲಗಣ್ಣಿಗೆ ಚಿಕಿತ್ಸೆಯಾಗುವ ಮೊದಲು ಟೀಚರಮ್ಮ ಅದನ್ನು ಬೆರಳಿಟ್ಟು ತೋರಿಸಿದಾಗ ಹೌದು ಹೌದು ಎಂದು ತಲೆಯಾಡಿಸುತ್ತಿದ್ದೆನಷ್ಟೇ.

ಎಡಗಣ್ಣಿಗೆ ಸಂಕ್ರಾಂತಿ ಕಳೆದ ಮೇಲೆ ದಿನ ಗೊತ್ತು ಮಾಡಿದ್ದಾರೆ. ಮಗಳು ಬೆಂಗಳೂರಿಗೆ ಬಂದು ಅಲ್ಲಿಯೇ ಮಾಡಿಸಿಕೊಳ್ಳೆಂದು ಫೋನಿನಲ್ಲಿ ಒತ್ತಾಯಿಸುತ್ತಿದ್ದಾಳೆ, ನಾನು ಇಲ್ಲೇ ಎಂದು ಹೇಳಿದ್ದೇನೆ. ಚಿಕಿತ್ಸೆಯ ನಂತರ ವಾರಗಟ್ಟಲೆ ದಿನಕ್ಕೆ ಹಲವು ಬಾರಿ ಹನಿ ಹಾಕಬೇಕು. ಮೊದಲ ಸಲ ಸ್ವತಃ ಹಾಕಿಕೊಳ್ಳಲು ಹೋಗಿ ಅರ್ಧ ಬಾಟಲಿ ಕೆನ್ನೆಯ ಪಾಲಾಗಿತ್ತು. ಈ ಸಲ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ತಾವೇ ಬಂದು ಹಾಕುವುದಾಗಿ ಟೀಚರಮ್ಮ ಹೇಳಿದ್ದಾರೆ. ಅವರ ಎರಡೂ ಕಣ್ಣಿಗೆ ಮೂರು ವರ್ಷದ ಹಿಂದೆ ನಾನು ಹಾಕಿದ್ದೆ. ಧನ್ಯವಾದ ಹೇಳಹೊರಟರೆ ಗದರಿಸುತ್ತಾರೆ, ಕಾರ್ಡು ಬರೆಯೋಣವೆಂದರೆ ಒಂದೇ ಬೀದಿ. ಹಿತಕಿದ ಅವರೆಬೇಳೆ ಸಾರು ಅವರಿಗೆ ಇಷ್ಟ, ಬೇಳೆ ಹಿತುಕಲು ಅವರ ಬೆರಳಿನ ಗಂಟುಗಳು ಬಿಡುವುದಿಲ್ಲ. ನಾಳೆ ದೇವರಾಜ ಮಾರುಕಟ್ಟೆಗೆ ಹೋಗಿ ಎರಡು ಕೆ.ಜಿ. ಸೊಗಡವರೆ ತರಬೇಕು, ರಾತ್ರಿಯೇ ನೆನೆಹಾಕಬೇಕು.